ಮೂರು ದಿನ ಬಾಗಿಲು ತೆರೆಯದಿದ್ದರೆ ಯಾರಿಗೆ ಗೊತ್ತಾಗುತ್ತದೆ? ವಿಶ್ವವಿದ್ಯಾಲಯದ ವಸತಿ ಮತ್ತು ನೆರವನ್ನು ಅರಿಯುವ ಬಗೆ

ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕ ಮೇಲೆ ಇರಲು ಜಾಗ ಹುಡುಕುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಾಡಿಗೆ ಎಷ್ಟು, ತರಗತಿಗೆ ಎಷ್ಟು ದೂರ, ಕೊಠಡಿಯಲ್ಲಿ ಎಷ್ಟು ಜನ, ಇಂಟರ್ನೆಟ್ ಹೇಗಿದೆ, ಬಟ್ಟೆ ಒಗೆಯಲು ಎಲ್ಲಿಗೆ ಹೋಗಬೇಕು. ಎಲ್ಲವೂ ಕೇಳಬೇಕಾದವೇ. ಇನ್ನೊಂದು ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ: ನಾನು ಮೂರು ದಿನ ಕೊಠಡಿಯಿಂದ ಹೊರಗೆ ಬಾರದಿದ್ದರೆ ಅದು ಯಾರ ಗಮನಕ್ಕೆ ಬರುತ್ತದೆ?

ಈ ಪ್ರಶ್ನೆಯ ಬೆನ್ನು ಹತ್ತಿದರೆ ಹಾಸ್ಟೆಲ್, ವಾರ್ಡನ್, ಆಪ್ತಸಮಾಲೋಚಕರು, ವಿದ್ಯಾರ್ಥಿ ಕಲ್ಯಾಣ ಕಚೇರಿ, ಬಾಡಿಗೆ ಒಪ್ಪಂದ, ಇವೆಲ್ಲ ಒಂದೇ ವ್ಯವಸ್ಥೆಯ ಬೇರೆ ಬೇರೆ ಭಾಗಗಳೆಂದು ತಿಳಿಯುತ್ತದೆ. ವಸತಿಗೊಂದು ಕಚೇರಿ, ನೆರವಿಗೊಂದು ಕಚೇರಿ ಎಂದು ವಿಶ್ವವಿದ್ಯಾಲಯಗಳು ವಿಂಗಡಿಸಿಕೊಂಡಿರುವುದು ಆಡಳಿತದ ಅನುಕೂಲಕ್ಕೆ. ವಿದ್ಯಾರ್ಥಿಯ ಬದುಕಿನಲ್ಲಿ ಈ ಎರಡರ ನಡುವೆ ಗೆರೆಯಿಲ್ಲ. ನಿದ್ದೆಗೆಟ್ಟವನ ಅಂಕ ಇಳಿಯುತ್ತದೆ, ಬಾಡಿಗೆ ಕಟ್ಟಲಾಗದವಳು ತರಗತಿ ತಪ್ಪಿಸಿ ಕೆಲಸಕ್ಕೆ ಹೋಗುತ್ತಾಳೆ, ರೂಮ್‌ಮೇಟ್ ಜೊತೆ ಮಾತು ಬಿಟ್ಟವರು ರಾತ್ರಿಯೆಲ್ಲ ಗ್ರಂಥಾಲಯದಲ್ಲಿ ಕೂರುತ್ತಾರೆ.

ಹದಿನೆಂಟು ಹಾಸಿಗೆಗಳಿಂದ ಶುರುವಾದದ್ದು

1180ರಲ್ಲಿ ಜೆರುಸಲೇಮಿನ ಯಾತ್ರೆ ಮುಗಿಸಿ ಬಂದ ಲಂಡನ್ನಿನ ಜೋಸ್ ಎಂಬಾತ ಪ್ಯಾರಿಸ್ಸಿನ ಓತೆಲ್‌ ದ್ಯೂ ಆಸ್ಪತ್ರೆಗೆ ಹೋದ. ಅಲ್ಲಿ ಬಡ ವಿದ್ಯಾರ್ಥಿಗಳು ಮಲಗುತ್ತಿದ್ದ ಒಂದು ಕೋಣೆಯನ್ನು ಕಂಡು, ಅದನ್ನು ಕೊಂಡು, ಹದಿನೆಂಟು ವಿದ್ಯಾರ್ಥಿಗಳಿಗೆಂದೇ ಶಾಶ್ವತವಾಗಿ ಮೀಸಲಿಟ್ಟ. ಹಾಸಿಗೆಯ ಜೊತೆಗೆ ಆಸ್ಪತ್ರೆಯ ಕಾಣಿಕೆ ಹಣದಿಂದ ತಿಂಗಳಿಗಿಷ್ಟು ಎಂದು ಖರ್ಚಿಗೂ ಏರ್ಪಾಟಾಯಿತು. ಇದಕ್ಕೆ ಬದಲಾಗಿ ಆ ಹುಡುಗರು ಆಸ್ಪತ್ರೆಯಲ್ಲಿ ತೀರಿಹೋದವರ ಶವಗಳ ಮುಂದೆ ಸರದಿಯಂತೆ ಶಿಲುಬೆಯನ್ನೂ ಪವಿತ್ರ ಜಲವನ್ನೂ ಹಿಡಿದು ನಡೆಯಬೇಕಿತ್ತು. ಹದಿನೆಂಟು ಜನರ ಕಾಲೇಜು ಎಂದೇ ಅದಕ್ಕೆ ಹೆಸರು ಬಂತು. ಪ್ಯಾರಿಸ್ಸಿನ ಸೋರ್ಬೋನ್ (1257), ಆಕ್ಸ್‌ಫರ್ಡಿನ ಮರ್ಟನ್ (1264) ಅದರ ನಂತರದವು.

ಈ ಪುಟ್ಟ ಕಥೆ ನನಗೆ ಮುಖ್ಯವೆನಿಸುವುದಕ್ಕೆ ಕಾರಣವಿದೆ. ಸೂರು, ಖರ್ಚಿಗೆ ಹಣ, ಪಕ್ಕದಲ್ಲೇ ಆಸ್ಪತ್ರೆ, ಜೊತೆಗೆ ಹದಿನೇಳು ಮಂದಿ: ಇಂದು ನಾವು ನಾಲ್ಕು ಕಚೇರಿಗಳಲ್ಲಿ ಹುಡುಕುವುದೆಲ್ಲ ಆ ಒಂದು ಕೋಣೆಯಲ್ಲಿತ್ತು. ಸರದಿ ತಪ್ಪಿಸಿದವನು ಎಲ್ಲಿ ಹೋದ ಎಂದು ಅಂದೇ ಯಾರಾದರೂ ಕೇಳಿರುತ್ತಾರೆ.

ಪಾಲಕರಿಂದ ಮನೆ ಮಾಲೀಕರಾಗುವವರೆಗೆ

ಮುಂದಿನ ಶತಮಾನಗಳಲ್ಲಿ ಕಾಲೇಜುಗಳು ತಂದೆತಾಯಿಯ ಸ್ಥಾನದಲ್ಲಿ ನಿಂತವು. ರಾತ್ರಿ ಬಾಗಿಲು ಹಾಕುವ ಹೊತ್ತು, ಭೇಟಿಗೆ ಬರುವವರು, ಹೊರಗೆ ಊಟ, ಎಲ್ಲಕ್ಕೂ ನಿಯಮ. 1913ರಲ್ಲಿ ಅಮೆರಿಕದ ಕೆಂಟಕಿಯ ಬೆರಿಯಾ ಕಾಲೇಜು ತನ್ನ ವಿದ್ಯಾರ್ಥಿಗಳು ಹೊರಗಿನ ಊಟದಂಗಡಿಗಳಿಗೆ ಹೋಗಬಾರದೆಂದು ಕಟ್ಟಪ್ಪಣೆ ಮಾಡಿದಾಗ, ನಷ್ಟಕ್ಕೊಳಗಾದ ಅಂಗಡಿಯವನು ನ್ಯಾಯಾಲಯಕ್ಕೆ ಹೋದ. ವಿದ್ಯಾರ್ಥಿಗಳ ನಡತೆಯ ವಿಷಯದಲ್ಲಿ ಕಾಲೇಜು ಪೋಷಕರಿದ್ದಂತೆ ಎಂದು ನ್ಯಾಯಾಲಯ ಕಾಲೇಜಿನ ಪರವಾಗಿಯೇ ತೀರ್ಪು ಕೊಟ್ಟಿತು.

ಅದೇ ಅಧಿಕಾರದ ಕರಾಳ ಮುಖ 1960ರಲ್ಲಿ ಅಲಬಾಮಾದಲ್ಲಿ ಕಾಣಿಸಿತು. ಬಿಳಿಯರಿಗೆ ಮಾತ್ರ ಎಂದಿದ್ದ ಉಪಾಹಾರದ ಕೋಣೆಯಲ್ಲಿ ಕುಳಿತು ಪ್ರತಿಭಟಿಸಿದ ಕಪ್ಪು ವಿದ್ಯಾರ್ಥಿಗಳನ್ನು ಅವರ ಕಾಲೇಜು ವಿಚಾರಣೆಯನ್ನೇ ನಡೆಸದೆ ಹೊರಹಾಕಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯವು ನೋಟಿಸು ಕೊಡದೆ, ಮಾತು ಕೇಳದೆ ಸರಕಾರಿ ಕಾಲೇಜು ಹೀಗೆ ಹೊರಹಾಕುವಂತಿಲ್ಲ ಎಂದಿತು. ವಯಸ್ಕರೆನ್ನಲು 21 ತುಂಬಿರಬೇಕು ಎಂದಿದ್ದ ಹಲವು ದೇಶಗಳು ಆ ಕಾಲದಲ್ಲೇ ಅದನ್ನು 18ಕ್ಕೆ ಇಳಿಸಿದವು. ವಿದ್ಯಾರ್ಥಿ ಹಕ್ಕುಳ್ಳ ವಯಸ್ಕನಾದ, ವಯಸ್ಕಳಾದಳು.

ಇದು ಬೇಕಾಗಿದ್ದ ಬದಲಾವಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಲಕನ ಕೋಲನ್ನು ಕಿತ್ತುಕೊಂಡಾಗ ಪಾಲಕನ ಕಣ್ಣೂ ಜೊತೆಗೆ ಹೋಯಿತು. ಹಾಸ್ಟೆಲ್ ನಡೆಸುವವರು ಹಲವು ಕಡೆ ಬರಿಯ ಮನೆ ಮಾಲೀಕರಾದರು. ಬಾಡಿಗೆ ಬಂತೇ, ಗೋಡೆ ಹಾಳಾಯಿತೇ ಎಂಬುದಷ್ಟೇ ಅವರ ಲೆಕ್ಕ. ವಿದ್ಯಾರ್ಥಿ ನೆರವು ಎಂದು ಇಂದು ಕರೆಯುವ ವ್ಯವಸ್ಥೆಯ ಬಹುಪಾಲು ಕೆಲಸ, ಕೋಲನ್ನು ಮತ್ತೆ ಕೈಗೆ ಕೊಡದೆ ಆ ಕಣ್ಣನ್ನು ಮಾತ್ರ ಮರಳಿ ತರುವುದು.

ಮನೆಯವರಿಗೆ ತಿಳಿಸಬೇಕೇ ಎಂಬ ಗೊಂದಲವೂ ಇಲ್ಲಿಂದಲೇ ಹುಟ್ಟಿದ್ದು. ವಿದ್ಯಾರ್ಥಿ ವಯಸ್ಕನಾಗಿದ್ದರೆ ಅವನ ಅಂಕ, ಆರೋಗ್ಯ, ಹಾಜರಿಯ ವಿವರಗಳನ್ನು ಅವನ ಒಪ್ಪಿಗೆಯಿಲ್ಲದೆ ಹೆತ್ತವರಿಗೂ ಹೇಳುವಂತಿಲ್ಲ ಎಂಬುದು ಅನೇಕ ದೇಶಗಳ ಕಾನೂನು. ಜೀವಕ್ಕೆ ಅಪಾಯವಿದ್ದಂಥ ಸಂದರ್ಭಗಳಲ್ಲಿ ವಿನಾಯಿತಿಯುಂಟು. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯ 2018ರಲ್ಲಿ ಒಂದು ನಡುದಾರಿ ಹುಡುಕಿತು. ನಿಮ್ಮ ಬಗ್ಗೆ ತೀವ್ರ ಆತಂಕ ಮೂಡಿದರೆ ಯಾರಿಗೆ ತಿಳಿಸಬಹುದು ಎಂದು ದಾಖಲಾತಿಯ ಹೊತ್ತಿನಲ್ಲೇ ವಿದ್ಯಾರ್ಥಿಯನ್ನು ಕೇಳಿ, ಒಪ್ಪಿಗೆ ಬರೆಸಿಕೊಳ್ಳುವುದು. ಹೆತ್ತವರ ಹೆಸರನ್ನೇ ಕೊಡಬೇಕೆಂದಿಲ್ಲ. ಅಕ್ಕ, ಸ್ನೇಹಿತ, ನಂಬುಗೆಯ ಯಾರಾದರೂ ಸರಿ. ಅರ್ಜಿಯಲ್ಲಿ ಇಂಥ ಕಲಂ ಇದ್ದರೆ ಕೈಗೆ ಬಂದ ನಂಬರು ಗೀಚಿ ಮುಂದೆ ಹೋಗಬೇಡಿ. ನೀವು ಮಾತಾಡಲಾಗದ ದಿನ ನಿಮ್ಮ ಪರವಾಗಿ ಯಾರು ಬರಬೇಕು ಎಂದು ಯೋಚಿಸಿ ತುಂಬಿ.

ಗೋಡೆಗಳ ಕೈವಾಡ

ಯಾರು ಯಾರನ್ನು ಗಮನಿಸುತ್ತಾರೆ ಎನ್ನುವುದನ್ನು ಸಿಬ್ಬಂದಿಗಿಂತ ಮೊದಲು ಕಟ್ಟಡವೇ ನಿರ್ಧರಿಸಿಬಿಟ್ಟಿರುತ್ತದೆ. ಈ ವಿಷಯದಲ್ಲಿ ನಡೆದ ಸಂಶೋಧನೆಗಳಷ್ಟು ಕುತೂಹಲ ಹುಟ್ಟಿಸುವಂಥವು ಕಡಿಮೆ, ಹಾಗಾಗಿ ಇಲ್ಲಿ ತುಸು ನಿಲ್ಲುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ಸಂಸ್ಥೆ ಸಂಸಾರಸ್ಥ ವಿದ್ಯಾರ್ಥಿಗಳಿಗಾಗಿ ವೆಸ್ಟ್‌ಗೇಟ್ ಎಂಬ ವಸತಿ ಕಟ್ಟಿತು. ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್, ಕರ್ಟ್ ಬ್ಯಾಕ್ ಎಂಬ ಮೂವರು ಅಲ್ಲಿನವರನ್ನು ನಿಮ್ಮ ಆಪ್ತರು ಯಾರು ಎಂದು ಕೇಳಿದರು. 1950ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒಂದೇ ಮಹಡಿಯಲ್ಲಿ ಪಕ್ಕದ ಬಾಗಿಲಿನವರನ್ನು ಆಪ್ತರೆಂದು ಹೆಸರಿಸಿದ ಪ್ರಮಾಣ ಶೇ. 41, ಒಂದು ಬಾಗಿಲು ಬಿಟ್ಟು ಆಚೆಯವರನ್ನು ಶೇ. 22, ಮಹಡಿಯ ಇನ್ನೊಂದು ತುದಿಯವರನ್ನು ಶೇ. 10. ಇನ್ನೊಂದು ತುದಿಯೆಂದರೆ ಮಹಾ ದೂರವೇನಲ್ಲ, ಅರ್ಧ ನಿಮಿಷದ ನಡಿಗೆ. ಮೆಟ್ಟಿಲಿನ ಬುಡದಲ್ಲಿದ್ದವರಿಗೆ ಮೇಲಿನ ಮಹಡಿಯಲ್ಲೂ ಸ್ನೇಹಿತರಿದ್ದರು. ಬಾಗಿಲು ಅಂಗಳದ ಕಡೆಗಿರದೆ ರಸ್ತೆಯ ಕಡೆಗಿದ್ದ ಮನೆಗಳವರು ಒಂಟಿಯಾಗಿದ್ದರು. ಅವರ ಸ್ವಭಾವದಲ್ಲಿ ಯಾವ ಕೊರತೆಯೂ ಇರಲಿಲ್ಲ, ಬಾಗಿಲು ಯಾವ ಕಡೆಗಿದೆ ಎಂಬುದೊಂದೇ ವ್ಯತ್ಯಾಸ.

ಹಾಗಾದರೆ ಎಲ್ಲರನ್ನೂ ಒಂದೇ ಮೊಗಸಾಲೆಗೆ ತುಂಬಿದರೆ ಸ್ನೇಹ ಬೆಳೆಯುತ್ತದೆಯೇ? ಇಲ್ಲ. 1970ರ ದಶಕದಲ್ಲಿ ಆಂಡ್ರ್ಯೂ ಬಾಮ್ ಮತ್ತು ಸ್ಟುವರ್ಟ್ ವಾಲಿನ್ಸ್ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಎರಡು ಬಗೆಯ ಹಾಸ್ಟೆಲ್‌ಗಳನ್ನು ಹೋಲಿಸಿದರು. ಒಂದರಲ್ಲಿ ಉದ್ದನೆಯ ಮೊಗಸಾಲೆ, ಇಬ್ಬಿಬ್ಬರ ಕೊಠಡಿಗಳು, ಒಟ್ಟು ಮೂವತ್ತನಾಲ್ಕು ಜನರಿಗೆ ಒಂದೇ ಸ್ನಾನಗೃಹ, ಒಂದೇ ಕೂಟದ ಕೋಣೆ. ಇನ್ನೊಂದರಲ್ಲಿ ಎರಡು ಮೂರು ಕೊಠಡಿಗಳನ್ನು ಸೇರಿಸಿ ನಾಲ್ಕರಿಂದ ಆರು ಜನರಿಗೆ ಪ್ರತ್ಯೇಕ ಸ್ನಾನಗೃಹ ಮತ್ತು ಪಡಸಾಲೆ. ತಲೆಗೆ ಸಿಗುತ್ತಿದ್ದ ಜಾಗ ಎರಡರಲ್ಲೂ ಹತ್ತಿರಹತ್ತಿರ ಒಂದೇ. ಆದರೆ ಉದ್ದ ಮೊಗಸಾಲೆಯವರು ಇಕ್ಕಟ್ಟೆಂದು ದೂರುತ್ತಿದ್ದರು, ಜನರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದರು. ಪ್ರಯೋಗಾಲಯಕ್ಕೆ ಕರೆಸಿ ಅಪರಿಚಿತರ ಜೊತೆ ಕಾಯಲು ಬಿಟ್ಟರೆ ಅಲ್ಲೂ ದೂರ ಸರಿದು ಕೂರುತ್ತಿದ್ದರು. ಕೊಠಡಿಯಿಂದ ಹೊರಬಂದರೆ ಯಾರು ಎದುರಾಗುತ್ತಾರೋ ಎಂಬುದು ತಮ್ಮ ಕೈಯಲ್ಲಿಲ್ಲದಾಗ ಮನುಷ್ಯರು ಮುದುಡಿಕೊಳ್ಳುತ್ತಾರೆ ಎಂಬುದು ಸಂಶೋಧಕರ ವಿವರಣೆ.

ಪರಿಹಾರವೂ ಸಿಕ್ಕಿತು. ಬಾಮ್ ಮತ್ತು ಗ್ಲೆನ್ ಡೇವಿಸ್ ಸುಮಾರು ನಲವತ್ತು ಜನರಿದ್ದ ಒಂದು ಮೊಗಸಾಲೆಯ ನಡುವಿನ ಮೂರು ಕೊಠಡಿಗಳನ್ನು ಕೂಟದ ಜಾಗವಾಗಿ ಮಾರ್ಪಡಿಸಿ, ಬಾಗಿಲು ಹಾಕಿಸಿ, ಇಪ್ಪತ್ತು ಇಪ್ಪತ್ತು ಜನರ ಎರಡು ಗುಂಪು ಮಾಡಿದರು. ಮೊಗಸಾಲೆ ಇಬ್ಭಾಗವಾದ ಮೇಲೆ ಒಳಗಿದ್ದವರು ಕೆಲವೇ ವಾರಗಳಲ್ಲಿ ಹೆಚ್ಚು ಬೆರೆಯತೊಡಗಿದರು, ಇಕ್ಕಟ್ಟಿನ ದೂರು ತಗ್ಗಿತು. ಮೂರು ಕೊಠಡಿಗಳ ಬಾಡಿಗೆ ಬಿಟ್ಟುಕೊಡಲು ಎಷ್ಟು ಆಡಳಿತಗಳು ತಯಾರಿರುತ್ತವೆ ಎಂಬ ಯೋಚನೆ ನನಗೆ ಬಾರದೆ ಇರದು.

ಇದೆಲ್ಲ ತಿಳಿದ ಮೇಲೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಆವರಣದಲ್ಲಿ ಸುಮಾರು 4,500 ವಿದ್ಯಾರ್ಥಿಗಳಿಗೆ ಒಂದೇ ಕಟ್ಟಡ ಕಟ್ಟುವ ಯೋಜನೆ ಸಿದ್ಧವಾಗಿತ್ತು. ಮಲಗುವ ಕೋಣೆಗಳಲ್ಲಿ ಬಹುಪಾಲಿಗೆ ಕಿಟಕಿಯೇ ಇಲ್ಲ. ದೊಡ್ಡ ದಾನಿಯಾಗಿದ್ದ ಹೂಡಿಕೆದಾರ ಚಾರ್ಲಿ ಮಂಗರ್ ಅದರ ವಿನ್ಯಾಸವನ್ನು ತಾವೇ ಮಾಡಿದ್ದರು. ಕೊಠಡಿ ಹಿತವಾಗಿಲ್ಲದಿದ್ದರೆ ವಿದ್ಯಾರ್ಥಿಗಳು ಹೊರಬಂದು ಬೆರೆಯುತ್ತಾರೆ ಎಂಬುದು ವಾದ. 2021ರಲ್ಲಿ ವಿನ್ಯಾಸ ಪರಿಶೀಲನಾ ಸಮಿತಿಯ ವಾಸ್ತುಶಿಲ್ಪಿ ಡೆನಿಸ್ ಮೆಕ್‌ಫ್ಯಾಡನ್ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು, 2023ರಲ್ಲಿ ಯೋಜನೆ ಕೈಬಿಡಲಾಯಿತು. ಹೊತ್ತು ಮೂಡಿದ್ದು, ಮುಳುಗಿದ್ದು ಕಾಣದ ಕೋಣೆಯಲ್ಲಿ ಮನಸ್ಸು ಕುಗ್ಗಿದವನು ಹೊರಗೆ ಬರುವುದಿಲ್ಲ, ಇನ್ನೂ ಒಳಗೆ ಸೇರಿಕೊಳ್ಳುತ್ತಾನೆ. ಆ ಯೋಜನೆ ನಿಂತದ್ದು ಒಳ್ಳೆಯದಾಯಿತು.

ಕೊಠಡಿ ಆರಿಸುವ ಅವಕಾಶವಿದ್ದವರಿಗೆ ಇದರಿಂದ ನೇರ ಸಲಹೆ ಸಿಗುತ್ತದೆ. ಒಂದು ಸ್ನಾನಗೃಹಕ್ಕೆ, ಒಂದು ಅಡುಗೆಮನೆಗೆ ಎಷ್ಟು ಜನ ಎಂದು ಕೇಳಿ. ನಾಲ್ಕರಿಂದ ಎಂಟು ಜನರಿದ್ದರೆ ಹೆಸರು ಹಿಡಿದು ಕರೆಯುವ ಬಳಕೆ ಬರುತ್ತದೆ. ಎಲ್ಲವೂ ಒಳಗೇ ಇರುವ ಒಂಟಿ ಕೊಠಡಿ ನೋಡಲು ಸೊಗಸು, ಆದರೆ ಮೂರು ದಿನದ ಪ್ರಶ್ನೆಗೆ ಅಲ್ಲಿ ಉತ್ತರವಿರುವುದಿಲ್ಲ.

ರೂಮ್‌ಮೇಟ್ ವಿಷಯದಲ್ಲೂ ಅದೃಷ್ಟದ ಪಾಲು ದೊಡ್ಡದು. ಡಾರ್ಟ್‌ಮತ್ ಕಾಲೇಜಿನಲ್ಲಿ ಹೊಸಬರನ್ನು ಚೀಟಿ ಎತ್ತಿದ ಹಾಗೆ ಜೋಡಿಸುತ್ತಿದ್ದುದನ್ನು ಬಳಸಿಕೊಂಡು ಅರ್ಥಶಾಸ್ತ್ರಜ್ಞ ಬ್ರೂಸ್ ಸ್ಯಾಸರ್ಡೋಟ್ 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜೊತೆಗಿದ್ದವರ ಪ್ರಭಾವ ಅಂಕಗಳ ಮೇಲೂ, ಯಾವ ಸಂಘ ಸೇರುತ್ತಾರೆ ಎಂಬುದರ ಮೇಲೂ ಬಿದ್ದಿತ್ತು. ಯಾವ ವಿಷಯ ಓದುತ್ತಾರೆ ಎಂಬುದರ ಮೇಲೆ ಬಿದ್ದಿರಲಿಲ್ಲ. ಮೊದಲ ವಾರದಲ್ಲೇ ದೀಪ ಆರಿಸುವ ಹೊತ್ತು, ಅತಿಥಿಗಳು, ಫೋನಿನ ಮಾತು, ಗುಡಿಸುವ ಸರದಿ ಇಷ್ಟನ್ನು ಕೂತು ಮಾತಾಡಿಕೊಂಡರೆ ಮುಂದಿನ ಮುನಿಸು ಎಷ್ಟೋ ಕಡಿಮೆ. ಹೊಂದಿಕೆಯಾಗದಿದ್ದರೆ ಕೊಠಡಿ ಬದಲಿಸಲು ಕೇಳುವುದು ತಪ್ಪಲ್ಲ. ಬಹಳ ಕಡೆ ಅದಕ್ಕೆ ನಿಗದಿತ ಅವಧಿಯಿರುತ್ತದೆ, ಅದನ್ನು ವಿಚಾರಿಸಿಟ್ಟುಕೊಳ್ಳಿ.

ಆಸ್ಪತ್ರೆಯ ಮೂರನೆಯ ಮಹಡಿಯಿಂದ ಹೊರಟ ಚಳವಳಿ

ವಸತಿ ಮತ್ತು ನೆರವು ಬೇರೆಯಲ್ಲ ಎನ್ನುವುದಕ್ಕೆ ಎಡ್ ರಾಬರ್ಟ್ಸ್ ಅವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಪೋಲಿಯೋ ತಗುಲಿ ಕತ್ತಿನಿಂದ ಕೆಳಗೆ ದೇಹ ಹೆಚ್ಚುಕಡಿಮೆ ನಿಶ್ಚಲವಾಗಿತ್ತು. ರಾತ್ರಿ ಉಸಿರಾಡಲು ಕಬ್ಬಿಣದ ಶ್ವಾಸಕೋಶ ಎಂಬ ದೊಡ್ಡ ಯಂತ್ರದೊಳಗೆ ಮಲಗಬೇಕಿತ್ತು. 1962ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಲು ಬಂದಾಗ ಆ ಭಾರದ ಯಂತ್ರವನ್ನು ಇಡಬಲ್ಲ ಹಾಸ್ಟೆಲ್ ಕೊಠಡಿ ಅಲ್ಲಿರಲಿಲ್ಲ. ವಿದ್ಯಾರ್ಥಿ ಆರೋಗ್ಯ ಕೇಂದ್ರದ ಮುಖ್ಯಸ್ಥ ಡಾ. ಹೆನ್ರಿ ಬ್ರೂಯ್ನ್ ಒಂದು ದಾರಿ ತೋರಿದರು: ಆವರಣದಲ್ಲಿದ್ದ ಕೋವೆಲ್ ಆಸ್ಪತ್ರೆಯ ಮೂರನೆಯ ಮಹಡಿಯೇ ಇವರ ಹಾಸ್ಟೆಲ್ ಆಗಲಿ, ರೋಗಿಯಾಗಿ ಅಲ್ಲ, ವಿದ್ಯಾರ್ಥಿಯಾಗಿ.

ಒಬ್ಬರು ಬಂದದ್ದು ಕೇಳಿ ಇನ್ನಷ್ಟು ಗಾಲಿಕುರ್ಚಿಯ ವಿದ್ಯಾರ್ಥಿಗಳು ಬಂದರು. ರಾತ್ರಿ ಮಾತಾಡುತ್ತ ಮಾತಾಡುತ್ತ ಗುಂಪು ಕಟ್ಟಿಕೊಂಡರು. ಆಸ್ಪತ್ರೆಯಲ್ಲೇ ಏಕಿರಬೇಕು, ಊರೊಳಗೆ ಮನೆ ಮಾಡಿ ಏಕೆ ಇರಬಾರದು ಎಂದು ಕೇಳತೊಡಗಿದರು. 1970ರಲ್ಲಿ ಅಂಗವಿಕಲ ವಿದ್ಯಾರ್ಥಿಗಳೇ ನಡೆಸುವ ಸೇವಾಕೇಂದ್ರ ಅಲ್ಲಿ ತೆರೆಯಿತು. ಗಾಲಿಕುರ್ಚಿ ರಿಪೇರಿ, ಸಹಾಯಕರನ್ನು ಹುಡುಕಿಕೊಡುವುದು, ಏರುದಾರಿಯಿರುವ ಮನೆ ಹುಡುಕಿಕೊಡುವುದು ಅದರ ಕೆಲಸ. ಏನು ಬೇಕು ಎಂದು ಬೇಕಾದವರೇ ಹೇಳಿದ್ದರಿಂದ ಅದು ನಡೆಯಿತು. 1972ರ ಸ್ವತಂತ್ರ ಬದುಕಿನ ಕೇಂದ್ರ ಅಲ್ಲಿಂದ ಹೊರಟದ್ದು, ಅಂಗವಿಕಲರ ಹಕ್ಕಿನ ಹೋರಾಟ ಅದರ ಜೊತೆಗೆ ದೇಶವಿಡೀ ಹರಡಿತು.

2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ಪ್ರಕಾರ ನ್ಯಾಯಸಮ್ಮತ ಹೊಂದಾಣಿಕೆಯನ್ನು ನಿರಾಕರಿಸುವುದೇ ತಾರತಮ್ಯ. ಹೊಂದಾಣಿಕೆಯೆಂದರೆ ಏರುದಾರಿ ಮಾತ್ರವಲ್ಲ. ಕಿವಿ ಕೇಳದವರಿಗೆ ಬೆಳಕು ಮಿಂಚಿಸಿ ಎಚ್ಚರಿಸುವ ಬೆಂಕಿ ಸೂಚಕ, ಔಷಧಿ ಇಡಲು ಶೀತಲಪೆಟ್ಟಿಗೆ, ಸದ್ದು ಸಹಿಸಲಾಗದವರಿಗೆ ಮೂಲೆಯ ಕೊಠಡಿ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಎಲ್ಲವೂ ಅದರಲ್ಲಿ ಬರುತ್ತವೆ. ಇವನ್ನು ವಸತಿ ಅರ್ಜಿಯ ಜೊತೆಗೇ, ವೈದ್ಯರ ಪತ್ರ ಲಗತ್ತಿಸಿ ಕೇಳಬೇಕು. ಕೊಠಡಿಗಳು ಹಂಚಿಹೋದ ಮೇಲೆ ಕೇಳಿದರೆ ಹಕ್ಕು ಇದ್ದರೂ ಕೊಠಡಿ ಇರುವುದಿಲ್ಲ.

ಯಾವ ಬಾಗಿಲು ತಟ್ಟಬೇಕು

ಈಗ ಸಿಬ್ಬಂದಿಯ ವಿಷಯ. ಹೆಸರುಗಳು ಒಂದೊಂದು ಕಡೆ ಒಂದೊಂದು, ಆದರೆ ಪದರಗಳು ಬಹುತೇಕ ಒಂದೇ. ಅತ್ಯಂತ ಹತ್ತಿರದಲ್ಲಿ ಅದೇ ಮಹಡಿಯಲ್ಲಿರುವ ಹಿರಿಯ ವಿದ್ಯಾರ್ಥಿ. ಅವರಿಗೆ ತರಬೇತಿ ಸ್ವಲ್ಪ, ಕಣ್ಣು ಚುರುಕು. ಅವರ ಮೇಲೆ ವಾರ್ಡನ್. ಓದಿನ ಕಡೆಯಿಂದ ಮಾರ್ಗದರ್ಶಕ ಅಧ್ಯಾಪಕರು. ಆಮೇಲೆ ಆಪ್ತಸಮಾಲೋಚನೆ, ಆರೋಗ್ಯ, ಹಣಕಾಸು, ಅಂಗವೈಕಲ್ಯದ ಕಚೇರಿಗಳು. ರಾತ್ರಿಪಾಳಿಯ ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಆದರೆ ಯಾರ ಕೊಠಡಿಯ ಮುಂದೆ ಕಸದ ಚೀಲ ಬಂದಿಲ್ಲ ಎನ್ನುವುದು ಮೊದಲು ತಿಳಿಯುವುದು ಅವರಿಗೇ. ಅವರಿಗೆ ಒಂದು ದಿನದ ತರಬೇತಿಯನ್ನೂ, ಹೇಳಿಕೊಳ್ಳಲು ಒಂದು ಫೋನ್ ನಂಬರನ್ನೂ ಕೊಡದ ವಿಶ್ವವಿದ್ಯಾಲಯ ತನ್ನ ಬಳಿಯಿರುವ ಅತ್ಯುತ್ತಮ ಕಣ್ಣುಗಳನ್ನು ಪೋಲು ಮಾಡುತ್ತಿದೆ.

ಆಪ್ತಸಮಾಲೋಚನೆಯ ಅಗತ್ಯ ಎಷ್ಟೆಂಬುದಕ್ಕೆ ಅಳತೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯೊಂದರಲ್ಲಿ ಎಂಟು ದೇಶಗಳ 19 ವಿದ್ಯಾಸಂಸ್ಥೆಗಳ ಸುಮಾರು 14,000 ಹೊಸ ವಿದ್ಯಾರ್ಥಿಗಳನ್ನು ಪ್ರಶ್ನಿಸಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಶೇ. 35ರಷ್ಟು ಜನರಲ್ಲಿ ಒಂದಲ್ಲ ಒಂದು ಕಾಲಕ್ಕೆ ಖಿನ್ನತೆ, ಆತಂಕ ಅಥವಾ ವ್ಯಸನದಂಥ ತೊಂದರೆಯ ಲಕ್ಷಣ ಕಂಡಿತ್ತು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ನಿಮಗೆ ಹೀಗಾದರೆ ನೀವೊಬ್ಬರೇ ಅಲ್ಲ.

ಇಷ್ಟು ಜನಕ್ಕೆ ಸಮಾಲೋಚಕರು ಸಾಲುವುದಿಲ್ಲವಾದ್ದರಿಂದ ಮೊದಲ ಭೇಟಿ ಸಾಮಾನ್ಯವಾಗಿ ಚಿಕ್ಕದು. ತುರ್ತು ಎಷ್ಟು ಎಂದು ಅಳೆದು ಮುಂದಿನ ದಾರಿ ಹೇಳುವುದಷ್ಟೇ ಅದರ ಉದ್ದೇಶ. ಇದು ತಿಳಿಯದೆ ಅನೇಕರು ಇವರು ನನ್ನ ಮಾತೇ ಕೇಳಲಿಲ್ಲ ಎಂದು ನೊಂದು ಹಿಂತಿರುಗುತ್ತಾರೆ. ಆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಸಂಕೋಚ ಬಿಟ್ಟು ಮೂರು ವಿಷಯ ಹೇಳಿ: ಎಷ್ಟು ದಿನದಿಂದ ಹೀಗಿದೆ, ನಿದ್ದೆ ಊಟ ತರಗತಿಗಳಲ್ಲಿ ಯಾವುದು ತಪ್ಪಿದೆ, ಸಾಯುವ ಯೋಚನೆ ಬಂದಿದೆಯೇ. ಕೊನೆಯದಕ್ಕೆ ಹೌದು ಎಂದರೆ ಸರದಿ ಕಾಯಿಸಬಾರದು, ಕಾಯಿಸಿದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು. ರಾತ್ರಿ ಹೊತ್ತಿಗೆ ವಿದ್ಯಾರ್ಥಿಗಳೇ ಫೋನ್ ಎತ್ತಿ ವಿದ್ಯಾರ್ಥಿಗಳ ಮಾತು ಕೇಳುವ ನೈಟ್‌ಲೈನ್ ಎಂಬ ಸೇವೆ 1970ರಲ್ಲಿ ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ ಬೇರೆ ಕಡೆಗೂ ಹಬ್ಬಿತು. ಕಚೇರಿಗಳು ಮುಚ್ಚಿದ ಮೇಲೆಯೇ ಒಂಟಿತನ ಹೆಚ್ಚುವುದೆಂದು ಆ ಹುಡುಗರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಣದ ನೆರವಿಗೂ ಓದಿನ ವಿನಾಯಿತಿಗೂ ಒಂದೇ ಸೂತ್ರ: ಗಡುವಿನ ಮುಂಚೆ ತಿಳಿಸಿ. ಬಾಡಿಗೆ ಬಾಕಿಯಾಗುವ ಮೊದಲು ಬರೆದ ಎರಡು ಸಾಲಿನ ಮೇಲ್‌ಗೆ ಇರುವ ಬೆಲೆ, ಬಾಕಿಯಾದ ಮೇಲೆ ಬರೆದ ಎರಡು ಪುಟಕ್ಕೆ ಇರುವುದಿಲ್ಲ. ಕಂತು ಮಾಡಿಕೊಡುವುದು, ತುರ್ತು ನಿಧಿ, ಪರೀಕ್ಷೆ ಮುಂದೂಡುವುದು, ಇವುಗಳಲ್ಲಿ ಯಾವುದಾದರೊಂದು ಹೆಚ್ಚಿನ ಕಡೆ ಇರುತ್ತದೆ, ಕೇಳಿದವರಿಗೆ ಮಾತ್ರ ಸಿಗುತ್ತದೆ.

ಇಲ್ಲೊಂದು ಹೊಂಡವಿದೆ. ಅನಾರೋಗ್ಯಕ್ಕೋ ಬೇಸರಕ್ಕೋ ಒಂದು ವರ್ಷ ಓದು ನಿಲ್ಲಿಸಲು ವಿಭಾಗ ಒಪ್ಪುತ್ತದೆ. ಆದರೆ ವಸತಿ ಒಪ್ಪಂದ ಬೇರೆ ಕಾಗದ, ಅದು ತನ್ನಷ್ಟಕ್ಕೆ ರದ್ದಾಗುವುದಿಲ್ಲ. ಕೊಠಡಿ ಬಿಟ್ಟು ಬಂದವರಿಗೆ ತಿಂಗಳುಗಟ್ಟಲೆ ಬಾಡಿಗೆ ಬಿಲ್ಲು ಬರುವುದುಂಟು. ಪರದೇಶದವರಾದರೆ ವೀಸಾ ಕೂಡ ಅಲುಗಾಡುತ್ತದೆ. ಓದು ನಿಲ್ಲಿಸುವ ಅರ್ಜಿ ಕೊಟ್ಟ ದಿನವೇ ವಸತಿ ಕಚೇರಿಗೂ ಬರೆದು, ಬಿಡುವ ದಿನಾಂಕವನ್ನು ಲಿಖಿತವಾಗಿ ಪಡೆಯಬೇಕು. ಒಪ್ಪಂದಕ್ಕೆ ಸಹಿ ಹಾಕುವಾಗಲೇ ಅದರಲ್ಲಿ ಎಷ್ಟು ವಾರದ ಬಾಡಿಗೆ ಇದೆ, ರಜೆಯಲ್ಲಿ ಇರಬಹುದೇ, ನಡುವೆ ಬಿಟ್ಟರೆ ಏನಾಗುತ್ತದೆ ಎಂಬ ಸಾಲುಗಳನ್ನು ಹುಡುಕಿ ಓದಿ. ಕೊಠಡಿ ಸೇರಿದ ದಿನ ಗೋಡೆ, ಹಾಸಿಗೆ, ನಲ್ಲಿಗಳ ಫೋಟೋ ತೆಗೆದಿಡಿ. ಬಿಡುವಾಗ ಠೇವಣಿ ಹಿಂದಕ್ಕೆ ಪಡೆಯಲು ಅದೇ ಸಾಕ್ಷಿ.

ಗೇಟಿನ ಆಚೆ ಇರುವವರು

ಇಷ್ಟು ಹೊತ್ತು ಹೇಳಿದ್ದು ಆವರಣದೊಳಗೆ ಜಾಗ ಸಿಕ್ಕವರ ಮಾತು. ಹೊರಗೆ ಬಾಡಿಗೆ ಕೊಠಡಿಯಲ್ಲಿರುವವರಿಗೆ ವಾರ್ಡನ್ ಇಲ್ಲ, ಮೊಗಸಾಲೆಯಿಲ್ಲ. ಕೆಲವು ದೇಶಗಳು ಇದಕ್ಕೆ ಬೇರೆಯದೇ ದಾರಿ ಹಿಡಿದಿವೆ. ಜರ್ಮನಿಯಲ್ಲಿ ಹಾಸ್ಟೆಲ್, ಊಟದ ಸಭಾಂಗಣ, ಸರಕಾರಿ ವಿದ್ಯಾರ್ಥಿವೇತನದ ಅರ್ಜಿ, ಸಮಾಲೋಚನೆ ಎಲ್ಲವನ್ನೂ ವಿಶ್ವವಿದ್ಯಾಲಯದಿಂದ ಬೇರೆಯಾದ ವಿದ್ಯಾರ್ಥಿ ಸೇವಾಸಂಸ್ಥೆಗಳು ನಡೆಸುತ್ತವೆ. ಪ್ರತಿ ಸೆಮಿಸ್ಟರಿನಲ್ಲೂ ವಿದ್ಯಾರ್ಥಿಗಳು ಅದಕ್ಕೆ ವಂತಿಗೆ ಕೊಡುತ್ತಾರೆ, ಎಲ್ಲಿ ವಾಸವಿದ್ದರೂ ಅದರ ಬಾಗಿಲು ತೆರೆದಿರುತ್ತದೆ. ಫ್ರಾನ್ಸಿನಲ್ಲಿ 1955ರ ಕಾನೂನಿನಿಂದ ನೆಲೆಗೊಂಡ ಪ್ರಾದೇಶಿಕ ಸಂಸ್ಥೆಗಳು ಇದೇ ಕೆಲಸ ಮಾಡುತ್ತವೆ, ವಿದ್ಯಾರ್ಥಿವೇತನಕ್ಕೂ ವಸತಿಗೂ ಒಂದೇ ಕಡತ. ಇವುಗಳಲ್ಲೂ ಕೊಠಡಿಗೆ ಕಾಯುವವರ ಸಾಲು ಉದ್ದವೇ. ಆದರೂ ವಿಳಾಸ ನೋಡಿ ನೆರವು ಕೊಡುವ ಪದ್ಧತಿಗಿಂತ ಇದು ಮೇಲೆಂದು ನನ್ನ ಅಭಿಪ್ರಾಯ.

ಅಂಥ ಸಂಸ್ಥೆ ಇಲ್ಲದ ಕಡೆ, ಹೊರಗಿರುವವರು ತಮ್ಮ ವಿಳಾಸ ಬದಲಾದ ಪ್ರತಿಸಲವೂ ವಿಭಾಗದ ಕಚೇರಿಗೆ ತಿಳಿಸುವುದು ಮೊದಲ ಕೆಲಸ. ನಿಮ್ಮನ್ನು ಹುಡುಕಿ ಬರುವವರು ಹಳೆಯ ಮನೆಯ ಬಾಗಿಲು ತಟ್ಟಿ ಹಿಂತಿರುಗಬಾರದು. ಎರಡನೆಯದು, ತರಗತಿಯ ಒಬ್ಬರ ಜೊತೆ ಒಂದು ಒಪ್ಪಂದ: ಸತತ ಎರಡು ದಿನ ಬಾರದಿದ್ದರೆ ಫೋನ್, ಫೋನ್ ಎತ್ತದಿದ್ದರೆ ಅದೇ ಸಂಜೆ ಮನೆಗೆ. ಇಬ್ಬರೂ ಒಬ್ಬರಿಗೊಬ್ಬರು ವಿಳಾಸವನ್ನೂ, ಮನೆ ಮಾಲೀಕರ ನಂಬರನ್ನೂ ಬರೆದುಕೊಡಿ.